ಡ್ರ್ಯಾಗ್‌ಲೈನಿನ ಒಂಟಿ ಸೀಟು

ಯಲ್ಲಾಪುರದಲ್ಲಿ ನನ್ನನ್ನು ಹೊಸದಾಗಿ ಕಂಡವರು, "ಎಂತ ಕೆಲಸದಲ್ಲಿದ್ರಿ?" ಎಂದು ಕೇಳುತ್ತಾರೆ. ಕಲ್ಲಿದ್ದಲ ಗಣಿಯಲ್ಲಿ ಡ್ರ್ಯಾಗ್‌ಲೈನ್ ಓಡಿಸುತ್ತಿದ್ದೆ ಎನ್ನುತ್ತೇನೆ. "ಹಂಗಂದ್ರೆ ಜೆಸಿಬಿನಾ?" ಎನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ನಮ್ಮ ಬಕೆಟ್ಟಿನೊಳಗೆ ಒಂದು ಜೀಪು ನಿಲ್ಲಿಸಬಹುದಿತ್ತು. ಬಕೆಟ್ಟನ್ನು ತೂಗುಹಾಕಿದ ಬೂಮನ್ನು, ಅಂದರೆ ಉಕ್ಕಿನ ಉದ್ದನೆಯ ತೋಳನ್ನು, ನೆಲಕ್ಕೆ ಮಲಗಿಸಿದರೆ ಇಲ್ಲಿನ ಬಸ್‌ಸ್ಟ್ಯಾಂಡ್ ಸಾಲುತ್ತಿರಲಿಲ್ಲ. ಇದನ್ನೆಲ್ಲ ಕೈ ಅಗಲಿಸಿ ವಿವರಿಸುತ್ತಿದ್ದೆ. ಕೇಳಿದವರು ತಲೆದೂಗಿ, "ಅಂದ್ರೆ ದೊಡ್ಡ ಜೆಸಿಬಿ" ಎನ್ನುತ್ತಿದ್ದರು. ಈಗ ನಾನೇ "ಹೌದು, ಜೆಸಿಬಿ" ಎಂದು ಮುಗಿಸುತ್ತೇನೆ.

ಹುಬ್ಬಳ್ಳಿ-ಅಂಕೋಲಾ ರಸ್ತೆಯ ಮೇಲೆ, ಲಾರಿ ಟೈರು ರಿಪೇರಿ ಅಂಗಡಿಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಒಂದು ಕೋಣೆ, ಒಂದು ಅಡುಗೆಮನೆ, ರಸ್ತೆ ಕಾಣುವ ಬಾಲ್ಕನಿ. ಹಗಲಿಡೀ ಕೆಳಗೆ ಸುತ್ತಿಗೆ ಏಟು, ರಸ್ತೆಯಲ್ಲಿ ಲಾರಿಗಳ ಹಾರ್ನು. "ಇಷ್ಟು ಗದ್ದಲದಲ್ಲಿ ಹೆಂಗಿರ್ತ್ರಿ ಮಾರಾಯ್ರೆ?" ಎಂದು ಮನೆಯ ಮಾಲೀಕರೇ ಕೇಳಿದ್ದರು. ಗದ್ದಲದಲ್ಲಿಯೇ ಆಯುಷ್ಯ ಕಳೆದವನಿಗೆ ನಿಶ್ಶಬ್ದ ಹೆದರಿಸುತ್ತದೆ ಎಂದು ಅವರಿಗೆ ಹೇಳಲಿಲ್ಲ. ಬಾಡಿಗೆ ಏರಿಸಿಯಾರು.

ಹುಟ್ಟಿದ್ದು ಅರಬೈಲ್ ಘಟ್ಟ ಇಳಿಯುವ ಮುಂಚೆ ಸಿಗುವ ಒಂದು ಹಳ್ಳಿಯಲ್ಲಿ. ನಮ್ಮದು ತುಂಡು ಗದ್ದೆ, ಅಣ್ಣಂದಿರಿಗೇ ಸಾಲದು. ಕಾಳಿ ನದಿಗೆ ಅಣೆಕಟ್ಟು ಕಟ್ಟುತ್ತಿದ್ದಾಗ ಮಣ್ಣು ತೋಡುವ ಯಂತ್ರಕ್ಕೆ ಎಣ್ಣೆ ಹಾಕುವ ಕೆಲಸಕ್ಕೆ ಸೇರಿ, ಅಲ್ಲೇ ಓಡಿಸಲೂ ಕಲಿತೆ. ಅಣೆಕಟ್ಟು ಮುಗಿಯಿತು, ಯಂತ್ರ ಕಲಿತವರು ದಿಕ್ಕಾಪಾಲಾದರು. ಮಧ್ಯಪ್ರದೇಶದ ಯಾವುದೋ ಮೂಲೆಯಲ್ಲಿ ಕಲ್ಲಿದ್ದಲ ಗಣಿಗೆ ಜನ ಬೇಕಂತೆ ಎಂಬ ಸುದ್ದಿ ಹಿಡಿದು ರೈಲು ಹತ್ತಿದವರಲ್ಲಿ ನಾನೊಬ್ಬ. ಗುಡ್ಡವನ್ನೇ ಅಗೆದು ತೆಗೆಯುವ ಗಣಿ ಎಂದಾಗ ಅಮ್ಮ, "ಬೆಟ್ಟ ಅಗೆದು ಇಲಿ ಹಿಡಿದಂಗೆ ಆಗದೆ ಇರ್ಲಿ ಮಗಾ" ಎಂದು ಹರಸಿ ಕಳಿಸಿದ್ದಳು. ಹರಕೆಯೋ ಅನುಮಾನವೋ ಆಗಲೂ ತಿಳಿದಿರಲಿಲ್ಲ.

ನಾನು ಹೋದಾಗ ಅಲ್ಲಿ ಗಣಿ ಅನ್ನುವುದೇ ಇರಲಿಲ್ಲ. ಅಲ್ಲಲ್ಲಿ ಹಿಪ್ಪೆ ಮರಗಳಿದ್ದ ಬಯಲು, ಜನ ಆಗಷ್ಟೇ ಬಿಟ್ಟುಹೋದ ಒಂದು ಹಳ್ಳಿ. ಮನೆಗಳ ಬಾಗಿಲು, ಹಂಚು, ತೊಲೆ ಎಲ್ಲ ಕಿತ್ತುಕೊಂಡು ಹೋಗಿದ್ದರು. ಒಯ್ಯಲಾಗದ ಬಾವಿಯೊಂದು ಉಳಿದಿತ್ತು. ಹಳ್ಳಿಯ ಮುದುಕರು ಹೊಸ ವಸತಿಯಿಂದ ನಡೆದುಬಂದು ಅದೇ ಬಾವಿಯ ನೀರು ಸೇದಿಕೊಂಡು ಹೋಗುತ್ತಿದ್ದರು. ಹೊಸ ವಸತಿಯಲ್ಲಿ ನಲ್ಲಿ ಹಾಕಿಸಿಕೊಟ್ಟಿದ್ದರೂ ನಲ್ಲಿನೀರು ಅವರ ಬಾಯಿಗೆ ಹಿಡಿಸಿರಲಿಲ್ಲ.

ಡ್ರ್ಯಾಗ್‌ಲೈನ್ ಎಂಬುದು ಓಡಿಬರುವ ವಾಹನವಲ್ಲ. ಅದು ತುಂಡುತುಂಡಾಗಿ ಬಂತು. ರೈಲಿನಲ್ಲಿ ಒಂದಷ್ಟು, ಟ್ರೇಲರುಗಳಲ್ಲಿ ಒಂದಷ್ಟು, ಮಳೆಗಾಲದಲ್ಲಿ ದಾರಿಯಲ್ಲೇ ಹೂತು ಕುಳಿತದ್ದು ಒಂದಷ್ಟು. ಆ ಬಯಲಿನಲ್ಲೇ ಬೆಸುಗೆ ಹಾಕಿ ಹಾಕಿ ಕಟ್ಟಿದರು. ಮಳೆಗಾಲವೊಂದು ಕಳೆದು ಮತ್ತೊಂದು ಬಂದರೂ ಮುಗಿಯಲಿಲ್ಲ. ಬೂಮನ್ನು ಎತ್ತಿದ ದಿನ ಸುತ್ತಲಿನ ಊರುಗಳೆಲ್ಲ ಬಂದು ನೆರೆದಿದ್ದವು. ಹೆಂಗಸರು ಅದಕ್ಕೆ ಕುಂಕುಮ ಹಚ್ಚಿ ಕೈಮುಗಿದರು. ತಮ್ಮ ಊರನ್ನು ತಿನ್ನಲು ಬಂದದ್ದಕ್ಕೆ ಕುಂಕುಮ ಹಚ್ಚುತ್ತಾರಲ್ಲ ಎಂದು ನನಗೆ ಸಂಕಟವಾಯಿತು. ಆದರೆ ನಾನೂ ಕೈಮುಗಿದೆ. ಅಷ್ಟು ದೊಡ್ಡದನ್ನು ಕಂಡರೆ ಕೈ ತಾನಾಗಿ ಮೇಲೇಳುತ್ತದೆ.

ಕೆಲಸ ಸರಳ. ಕಲ್ಲಿದ್ದಲ ಪದರದ ಮೇಲಿನ ಮಣ್ಣುಕಲ್ಲನ್ನು ಮೊದಲು ಮದ್ದಿಟ್ಟು ಸಡಿಲಿಸುತ್ತಾರೆ. ಡ್ರ್ಯಾಗ್‌ಲೈನ್ ಎತ್ತರದಲ್ಲಿ ಕೂತು, ತಂತಿ ಹಗ್ಗದಿಂದ ಬಕೆಟ್ಟನ್ನು ಕೆಳಗೆ ಎಸೆದು, ತನ್ನತ್ತ ದರದರನೆ ಎಳೆದು ತುಂಬಿಕೊಳ್ಳುತ್ತದೆ. ಎತ್ತಿ, ಮೈ ತಿರುಗಿಸಿ, ಹಿಂದಿನ ವರ್ಷ ಕಲ್ಲಿದ್ದಲು ತೆಗೆದು ಖಾಲಿಯಾದ ಹೊಂಡಕ್ಕೆ ಸುರಿಯುತ್ತದೆ. ಕೆಳಗೆ ಕರಿಯ ಪದರ ಕಂಡಾಗ ಬೇರೆ ಯಂತ್ರಗಳು ಬಂದು ಬಾಚಿಕೊಳ್ಳುತ್ತವೆ. ನಮಗೂ ಕಲ್ಲಿದ್ದಲಿಗೂ ಮುಟ್ಟುವ ಸಂಬಂಧವೇ ಇಲ್ಲ. ಎಲೆ ಹಾಸಿ, ನೀರು ಚಿಮುಕಿಸಿ, ಊಟಕ್ಕೆ ಕೂರದೆ ಎದ್ದು ಹೋಗುವವರು ನಾವು.

ಒಂದು ಕಡೆ ಮುಗಿದರೆ ಅದು ನಡೆಯುತ್ತದೆ. ಗಾಲಿ ಇಲ್ಲ. ಇಕ್ಕೆಲದ ಉಕ್ಕಿನ ಪಾದಗಳನ್ನು ಊರಿ, ಇಡೀ ಮೈಯನ್ನು ಎತ್ತಿ, ಹಿಂದಕ್ಕೆ ಒಂದು ಹೆಜ್ಜೆ. ಮುಂದಕ್ಕೆ ನಡೆಯಲು ಅದಕ್ಕೆ ಬಾರದು. ಹೋಗುವ ಕಡೆ ಓಡಿಸುವವನಿಗೆ ಕಾಣುವುದಿಲ್ಲ. ಕೆಳಗೆ ನಿಂತವನು ಸೀಟಿ ಊದಿ, ಬಾವುಟ ಬೀಸಿ ತೋರಿಸಿದ ಹಾಗೆ ಹೋಗಬೇಕು. ನಾನು ನನ್ನ ಅರ್ಧ ಆಯುಷ್ಯ ಹಾಗೆ ಬೆನ್ನು ಮುಂದಾಗಿ ನಡೆದಿದ್ದೇನೆ.

ಮದುವೆಗೆ ಮನೆಯವರು ಪ್ರಯತ್ನಿಸಲಿಲ್ಲ ಎಂದಲ್ಲ. ಸಿದ್ದಾಪುರದ ಕಡೆಯ ಒಂದು ಮನೆಯಲ್ಲಿ ಹೆಣ್ಣಿನ ತಂದೆ ಕೇಳಿದರು, "ಗಣಿಯೊಳಗೆ ಇಳಿಯೂದಾ?" ಇಲ್ಲ, ಮೇಲೇ ಕೂರುವುದು ಎಂದೆ. ಅವರಿಗೆ ಅನುಮಾನ ಇನ್ನೂ ಜಾಸ್ತಿಯಾಯಿತು. ಗಣಿ ಎಂದ ಮೇಲೆ ಇಳಿಯಬೇಕು, ಮೇಲೇ ಕೂರುವ ಇವನು ಎಂಥ ಗಣಿಗಾರ? ರಜೆ ಮುಗಿದು ಹಿಂತಿರುಗಿದೆ. ಆಮೇಲೆ ಕೇಳುವವರು ಕಡಿಮೆಯಾದರು, ಆಮೇಲೆ ಇಲ್ಲವಾದರು.

ಆ ಯಂತ್ರದಲ್ಲಿ ಓಡಿಸುವವನಿಗೆ ಇರುವುದು ಒಂದೇ ಸೀಟು. ಪಾಳಿಯುದ್ದಕ್ಕೂ ಅಲ್ಲಿ ಒಬ್ಬನೇ. ಕೆಳಗಿನ ಜನ ಇರುವೆ ಗಾತ್ರ. ಬದಲಿ ಬರುವವರೆಗೆ ಸೀಟು ಬಿಟ್ಟು ಏಳುವಂತಿಲ್ಲ, ಯಂತ್ರ ನಿಲ್ಲಿಸುವಂತೆಯೂ ಇಲ್ಲ. ನನ್ನ ಪಾಳಿ ಮುಗಿಯುವಾಗ ಮೆಟ್ಟಿಲು ಹತ್ತಿ ಬರುತ್ತಿದ್ದವರು ಎಕ್ಕಂಬಿಯಿಂದ ಪೂರ್ವಕ್ಕಿರುವ ಒಂದು ಊರಿನವರು. ಅವರೂ ಅಣೆಕಟ್ಟಿನ ಕೆಲಸದಲ್ಲಿದ್ದು ಅಲ್ಲಿಗೆ ಬಂದವರೇ. ಪಾಳಿ ವಾರವಾರವೂ ಬದಲಾಗುತ್ತಿತ್ತು, ಆದರೆ ನನ್ನ ನಂತರ ಅವರು ಎಂಬುದು ಬದಲಾಗಲಿಲ್ಲ. ಬಂದವರು ನನ್ನ ಪಕ್ಕ ನಿಂತು, ಮುಖದತ್ತ ಬಾಗಿ, "ಏಳ್ರಿ, ಕೂತ್ ಕೂತ್ ಬೇರ್ ಬಿಟ್ಟೀರಿ" ಎನ್ನುತ್ತಿದ್ದರು. ನಾನು ಬಕೆಟ್ ಎಳೆಯುತ್ತಲೇ ಹೇಳಬೇಕಾದ್ದನ್ನು ಹೇಳುತ್ತಿದ್ದೆ. ಈ ಕಡೆ ಕಲ್ಲು ಗಟ್ಟಿ, ಹಗ್ಗದ ಎಳೆ ಬಿಚ್ಚಿಕೊಳ್ಳುತ್ತಿದೆ, ನೋಡಿಕೊಳ್ಳಿ. ಎದ್ದು ಸೀಟು ಕೊಟ್ಟ ಮೇಲೆ ನಮ್ಮ ಮಾತು, ನಮ್ಮ ಕನ್ನಡದಲ್ಲಿ. ಅವರ ಮಗಳು ಹುಟ್ಟಿದ್ದು, ನನ್ನ ಅಮ್ಮ ಸತ್ತಿದ್ದು, ಅವರ ಹೊಲ ಅಣ್ಣತಮ್ಮಂದಿರ ಪಾಲಾಗಿದ್ದು, ಅವರ ಹೆಂಡತಿ ತೀರಿಕೊಂಡಿದ್ದು, ಎಲ್ಲ ಆ ಐದೈದು ನಿಮಿಷದ ಕಂತುಗಳಲ್ಲಿ. ನಾನು ಏಳುತ್ತಿದ್ದೆ, ಅವರು ಕೂರುತ್ತಿದ್ದರು. ಸೀಟು ಬಿಸಿಯಾಗಿಯೇ ಇರುತ್ತಿತ್ತು.

ಒಂದು ದಿನ ನಾನು ಮರೆತ ಕೊಡೆಗೆಂದು ಮತ್ತೆ ಮೇಲೆ ಹತ್ತಿದಾಗ ಅವರು ನನ್ನ ಕಡೆ ನೋಡದೆ, "ಬಾವಿ ಹೋತ್ರಿ" ಎಂದರು. ಬಿಟ್ಟುಹೋದ ಹಳ್ಳಿಯದು, ಸಿಡಿಮದ್ದಿಗೂ ಬೀಳದೆ ಅರ್ಧ ನಿಂತಿದ್ದ ಬಾವಿ. ಗೋಡೆಯಲ್ಲಿ ಕಟ್ಟಿದ ಕಲ್ಲುಗಳು, ಹಗ್ಗ ಸವೆಸಿದ ಗೀರುಗಳು ಕಾಣುತ್ತಿದ್ದವಂತೆ. ಅದನ್ನು ಬಕೆಟ್ಟಿನಲ್ಲಿ ಎಳೆಯುವುದು ಅವರ ಪಾಲಿಗೆ ಬಂದಿತ್ತು. ನಾನು ಹೆಗಲು ಮುಟ್ಟಿ ಇಳಿದುಬಂದೆ.

ಅವರ ಮನೆ ಗಣಿಯ ಆಚೆ ದಂಡೆಯ ಹೊಸ ಕಾಲನಿಯಲ್ಲಿ, ನನ್ನದು ಈಚೆ ಹಳೆಯದರಲ್ಲಿ. ನಡುವೆ ನಾವೇ ತೋಡಿದ ಹೊಂಡ. ಅವರು ಯಂತ್ರದ ಮೇಲಿದ್ದಾಗ ನಾನು ಮಲಗಿರುತ್ತಿದ್ದೆ, ನನಗೆ ರಜೆ ಎಂದರೆ ಅವರಿಗೆ ಎರಡು ಪಾಳಿ. ಒಂದು ಊಟವನ್ನೂ ನಾವು ಒಟ್ಟಿಗೆ ಮಾಡಲಿಲ್ಲ. ಆದರೂ ಯಾರಾದರೂ "ನಿನಗೆ ಗೆಳೆಯರು ಯಾರು?" ಎಂದು ಕೇಳಿದ್ದರೆ ಅವರೊಬ್ಬರನ್ನೇ ಹೇಳುತ್ತಿದ್ದೆ.

ಮುಂದೆ ಇನ್ನೂ ದೊಡ್ಡದೊಂದು ಡ್ರ್ಯಾಗ್‌ಲೈನ್ ಬಂತು. ನಮ್ಮದು ಚಿಕ್ಕದು ಎನಿಸಿಕೊಂಡಿತು. ಪದರ ಆಳಕ್ಕೆ ಇಳಿಯುತ್ತ ಹೋಯಿತು, ನಮ್ಮ ಹಗ್ಗ ಅಲ್ಲಿಗೆ ಎಟುಕಲಿಲ್ಲ. ಮಣ್ಣು ಹೊರಲು ಗುತ್ತಿಗೆದಾರರ ಡಂಪರು ಲಾರಿಗಳು ಸಾಲುಗಟ್ಟಿ ಬಂದವು. ನಾವು ಸುರಿದಿಟ್ಟ ದಿಬ್ಬಗಳ ಮೇಲೆ ಗಿಡ ನೆಟ್ಟರು, ಅವು ಬೆಳೆದು ಕಾಡಿನ ಹಾಗಾದವು. ಹೊಸದಾಗಿ ಬಂದ ಇಂಜಿನಿಯರೊಬ್ಬ ಅವನ್ನು ಗುಡ್ಡಗಳೆಂದೇ ತಿಳಿದಿದ್ದ. ಒಂದು ದಿನ ನಮ್ಮ ಯಂತ್ರವನ್ನು ಹೊಂಡದ ಅಂಚಿಗೆ ನಡೆಸಿ ನಿಲ್ಲಿಸಲು ಹೇಳಿದರು. ನಡೆಸಿದವನು ನಾನು. ಬದಲಿ ಬರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ಬಾಗಿಲಲ್ಲಿ ನಿಂತು ತಿರುಗಿ ನೋಡಿದಾಗ ಸೀಟು ಖಾಲಿ ಇತ್ತು. ಅದು ಖಾಲಿ ಇದ್ದದ್ದನ್ನು ನಾನು ಎಂದೂ ನೋಡಿಯೇ ಇರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಗ್ಯಾಸ್ ಕಟರಿನವರು ಬಂದು ಅದನ್ನು ಗುಜರಿಗೆ ಕತ್ತರಿಸಿದರು. ಕಟ್ಟಲು ಅಷ್ಟು ಕಾಲ ಹಿಡಿದದ್ದು ಒಂದೇ ಬೇಸಿಗೆಯಲ್ಲಿ ಹೋಯಿತು.

ನಿವೃತ್ತಿಯಾಗಿ ಯಲ್ಲಾಪುರಕ್ಕೆ ಬಂದೆ. ಅಣ್ಣಂದಿರ ಮಕ್ಕಳಿಗೆ ನಾನು ರಜೆಯಲ್ಲಿ ಪೇಡೆ ತರುತ್ತಿದ್ದ ಚಿಕ್ಕಪ್ಪ, ಅಷ್ಟೇ. ಕೋಣೆ ಮಾಡಿಕೊಂಡೆ. ಸಂಜೆಯಾದರೆ ಬಾಗಿಲ ಕಡೆ ಕಣ್ಣು ಹೋಗುತ್ತಿತ್ತು. ಯಾರೋ ಬರಬೇಕಿತ್ತು, ನಾನು ಏಳಬೇಕಿತ್ತು ಎನಿಸುತ್ತಿತ್ತು. ಯಾರೂ ಬರುತ್ತಿರಲಿಲ್ಲ. ಒಬ್ಬಂಟಿತನ ಇದ್ದೀತು ಎಂದು ಗೊತ್ತಿತ್ತು, ಇಷ್ಟು ಇದ್ದೀತು ಎಂದು ಗೊತ್ತಿರಲಿಲ್ಲ.

ಕಳೆದ ಮಾಘದಲ್ಲಿ ಅವರು ಫೋನ್ ಮಾಡಿದರು. ಅವರು ಅಲ್ಲೇ, ಗಣಿಯ ಊರಿನಲ್ಲೇ, ಮಗಳು-ಅಳಿಯನ ಜೊತೆ ಉಳಿದಿದ್ದರು. ಅಣ್ಣನ ಮಗನ ಮದುವೆಗೆ ಎಕ್ಕಂಬಿ ಕಡೆ ಬರುತ್ತಾರಂತೆ. "ಮದುವಿ ಮುಗಿಸಿ ನಿಮ್ಮಲ್ಲಿ ಬಂದು ನಾಕ್ ದಿನ ಇರ್ತೀನ್ರಿ. ಹೊಂದಿಕಿ ಆತಂದ್ರ ಅಲ್ಲೇ ಇದ್ದಬಿಡೂಣು. ಇಬ್ರೂ ಮುದುಕರು, ಒಂದ್ ಒಲಿ ಸಾಕು" ಎಂದರು. ತಮಾಷೆಯಲ್ಲ ಎಂದು ದನಿಯಲ್ಲೇ ತಿಳಿಯಿತು. ನಾನು ಆ ವಾರವೇ ಇನ್ನೊಂದು ಮಂಚ ಕೊಂಡೆ. ಬಾಲ್ಕನಿಗೆ ಬೆತ್ತದ ಒಳ್ಳೆಯ ಕುರ್ಚಿ ತಂದು, ಗಾಳಿ ಬೀಸದ ಹಾಗೆ ಬಲಗಡೆಯ ಗೋಡೆಗೆ ಒತ್ತಿಸಿ ಹಾಕಿದೆ. ಪ್ಲಾಸ್ಟಿಕ್ ಕುರ್ಚಿ ನನಗೆ, ಅದರ ಪಕ್ಕದಲ್ಲಿ. ಈ ವಯಸ್ಸಿನಲ್ಲಿ ಹಾಗೆ ಸಂಭ್ರಮಪಟ್ಟದ್ದಕ್ಕೆ ಕೆಳಗಿನ ಟೈರಿನವರು, "ಯಾರ್ರೀ, ಹೆಣ್ಣಿನ ಕಡೆಯವರು ಬರ್ತ್ರಾ?" ಎಂದು ಕಾಡಿದರು.

ಅವರು ಬಂದರು. ತಲೆ ಪೂರ್ತಿ ಬಿಳಿ, ನಡೆ ಅದೇ. ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ಕೂತು, ಅಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಹೇಳಲು ತೊಡಗಿದೆ. ಅವರು ರಸ್ತೆ ನೋಡುತ್ತ ಕೂತರು. ಒಮ್ಮೆ "ಹೂಂ" ಎಂದರು, ಒಮ್ಮೆ ನಕ್ಕರು, ನಗುವಂಥದ್ದು ನಾನೇನೂ ಹೇಳಿರಲಿಲ್ಲ. ಪ್ರಯಾಣದ ಆಯಾಸ ಎಂದುಕೊಂಡೆ. ಮರುದಿನವೂ ಅಷ್ಟೇ. ಅಮ್ಮ ಸಾಯುವ ಮುಂಚೆ ನಾನು ಬಂದೆನೇ ಎಂದು ಕೇಳಿದ್ದಳೆಂಬುದನ್ನು, ಯಾರಿಗೂ ಹೇಳದ್ದನ್ನು, ಹೇಳಿದೆ. ಅವರು, "ಆ ಲಾರಿ ಎಷ್ಟ್ ಗಾಲಿದ್ರಿ?" ಎಂದರು. ನನಗೆ ಮುಖಕ್ಕೆ ನೀರೆರಚಿದಂತಾಯಿತು. ಎದ್ದು ಒಳಗೆ ಹೋಗಿ ಅಕ್ಕಿ ತೊಳೆದೆ.

ಆಮೇಲೆ ಹಳೆಯ ಚಾಳಿ ಹಿಡಿಯಿತು. ನಾನು ಬಾಲ್ಕನಿಗೆ ಬಂದರೆ ಅವರು ಎದ್ದು ನಿಲ್ಲುವರು. ಎದುರು ನಿಂತು, ಹಾಲಿನವನು ಬಂದಿದ್ದ, ಕರೆಂಟು ಹೋಗಿ ಬಂತು ಎಂದು ವರದಿ ಕೊಟ್ಟು ಒಳಗೆ ಹೋಗುವರು. ಅವರು ಬಂದರೆ ನಾನೂ ಏಳುತ್ತಿದ್ದೆ. ಒಂದೇ ಮನೆಯಲ್ಲಿ ಪಾಳಿ ಹಾಕಿಕೊಂಡು ಬದುಕಿದೆವು. ನಾನು ನೊಂದಿದ್ದೆ. ಇಷ್ಟು ವರ್ಷ ಗೆಳೆಯ ಎಂದುಕೊಂಡಿದ್ದು ನಾನೊಬ್ಬನೇ ಏನೋ, ಅವರಿಗೆ ನಾನು ಖಾಲಿ ಮಾಡಿಕೊಡಬೇಕಾದ ಸೀಟು ಮಾತ್ರ ಏನೋ ಎಂದೆಲ್ಲ ಯೋಚಿಸಿದೆ. ಕೇಳುವ ಧೈರ್ಯವಾಗಲಿಲ್ಲ. ಇದ್ದುಬಿಡುವ ಮಾತನ್ನು ಅವರೂ ಎತ್ತಲಿಲ್ಲ. ಒಂದು ಬೆಳಿಗ್ಗೆ ಚೀಲ ಕಟ್ಟಿಕೊಂಡು, "ಹುಬ್ಬಳ್ಳಿಗೆ ಹೋಗಿ ರೈಲ್ ಹಿಡೀತೀನ್ರಿ" ಎಂದರು. ಆಗಲಿ ಎಂದೆ.

ಬಸ್‌ಸ್ಟ್ಯಾಂಡಿನವರೆಗೆ ನಡೆದೆವು. ಅವರು ಕಟ್ಟೆಯ ಎಡಗಡೆ ತುದಿಗೆ ಹೋಗಿ ಕಂಬಕ್ಕೆ ಆನಿಸಿ ಕೂತರು. ಉಳಿದ ಜಾಗ ಅವರ ಬಲಕ್ಕೇ, ಅಲ್ಲಿ ಕೂತೆ. ಹುಬ್ಬಳ್ಳಿ ಬಸ್ಸು ತಡವೆಂದು ಯಾರೋ ಹೇಳಿದರು. ನಾನು ಮುನಿಸಿನಲ್ಲೇ, ಅವರಿಗೆ ಹೇಳಬೇಕೆಂದೂ ಅಲ್ಲ, ಗೊಣಗಿದೆ: "ನಾಕ್ ದಿನದಲ್ಲಿ ನಾಕ್ ಮಾತಾಡಿದ್ರೂ ಆಗ್ತಿತ್ತು."

ಅವರು ತಟ್ಟನೆ ನನ್ನ ಕಡೆ ತಿರುಗಿದರು. "ನೀವು ಅಷ್ಟ್ ಆಡಿದ್ರ್ಯಾ?" ಎಂದರು.

"ಬಾಯಿ ಒಣಗೂ ಹಂಗೆ ಆಡಿದೀನಿ."

ಅವರು ಎಡಗಿವಿಯನ್ನು ಬೆರಳಿನಿಂದ ತಟ್ಟಿದರು. "ಇದು ಹೋಗಿ ಭಾಳ ವರ್ಷಾತ್ರಿ. ಸೀಟಿಗಿ ಬರೂಕ್ಕಿಂತ ಮೊದಲ ಯಂತ್ರದ ಹೊಟ್ಟಿಯೊಳಗ, ಮೋಟರಿನ ಬಾಜೂಕ ಎಣ್ಣಿ ಹಾಕತಿದ್ನೆಲ್ಲ, ಆವಾಗನ ಹೋತು. ಸೀಟ್ ಬಿಡಸ್ತಾರಂತ ಯಾರಿಗೂ ಹೇಳ್ಲಿಲ್ಲ."

ಕ್ಯಾಬಿನ್ನಿನ ಬಾಗಿಲು ಸೀಟಿನ ಬಲಕ್ಕಿತ್ತು. ಸೀಟು ಬಿಟ್ಟುಕೊಟ್ಟ ಮೇಲೆ ನಾನು ನಿಂತು ಮಾತಾಡುತ್ತಿದ್ದುದು ಅವರ ಬಲಗಡೆಯೇ. ಅವರಿಗೆ ಹೇಳುವ ಪ್ರಮೇಯವೇ ಬಂದಿರಲಿಲ್ಲ. ಇಲ್ಲಿ ನಾನು ಮರ್ಯಾದೆ ಮಾಡಲು ಹೋಗಿ ಅವರ ಒಳ್ಳೆಯ ಕಿವಿಯನ್ನು ಗೋಡೆಗೆ ಒತ್ತಿಸಿ ಕೂರಿಸಿದ್ದೆ.

"ಮೊದಲೇ ಹೇಳೂಕಾಗ್ತಿರ್ಲಿಲ್ವಾ ಮಾರಾಯ್ರೆ?"

"ಹೇಳ್ಬೇಕಂತ ದಿನಾ ಅನ್ನೂದು. ನೀವು ಅಷ್ಟ್ ಆಸೇದಿಂದ ಕುರ್ಚಿ ಹಾಕಿದ್ರಿ. ಎದ್ದು ನಿಂತ್ರ ನಿಮ್ಮ ತುಟಿ ಕಾಣತಿತ್ತು, ಒಂದಿಷ್ಟ್ ತಿಳೀತಿತ್ತು. ಅದಕ್ಕ ಏಳ್ತಿದ್ದೆ."

ಬಸ್ಸು ತಡವಾದದ್ದು ಪುಣ್ಯ. ಅಷ್ಟು ಹೊತ್ತು ನಾವು ಮಾತಾಡಿದೆವು. ಬಾವಿ ತೆಗೆದ ದಿನ ಅವರು ಊಟ ಮಾಡಿರಲಿಲ್ಲವಂತೆ. ಯಂತ್ರ ಕತ್ತರಿಸುವಾಗ ದೂರದ ದಿಬ್ಬದ ಮೇಲೆ ನಿಂತು ದಿನವೂ ನೋಡುತ್ತಿದ್ದರಂತೆ. ಅದೇ ದಿಬ್ಬದ ಇನ್ನೊಂದು ಬದಿಗೆ ನಾನೂ ನಿಂತಿರುತ್ತಿದ್ದೆ ಎಂದೆ. ಅಮ್ಮನ ವಿಷಯ ಮತ್ತೆ ಹೇಳಿದೆ. ಅವರು ನನ್ನ ಮಂಡಿಯ ಮೇಲೆ ಕೈ ಇಟ್ಟರು, ತೆಗೆಯಲಿಲ್ಲ. ಹೊತ್ತು ಹೋದದ್ದೇ ತಿಳಿಯಲಿಲ್ಲ. ನನಗೆ ಅಷ್ಟು ಸುಖವಾಗಿತ್ತು.

"ಚೀಲ ಎತ್ತಿ, ಮನೆಗೆ ಹೋಪ. ಕುರ್ಚಿ ಆಚೆ ಕಡೆ ಹಾಕ್ತೆ" ಎಂದೆ.

ಅವರು ತಲೆಯಾಡಿಸಿದರು. "ಕುರ್ಚಿ ಸರಿಸಿದ್ರ ಆಗೂದಲ್ರಿ. ಇದೂ ಹೊಂಟೈತಿ" ಎಂದು ಬಲಗಿವಿ ಮುಟ್ಟಿದರು. "ನಿಮಗ ಫೋನ್ ಮಾಡಿದ ಮ್ಯಾಲ ಡಾಕ್ಟರು ಮಷಿನ್ ಕೊಟ್ಟಾರ, ಬರೇ ಗೊರ್ ಅಂತದ. ಈ ಕಿವಿನೂ ಭಾಳ ದಿನ ಇಲ್ಲಂತ. ಮೊಮ್ಮಗಳು ಈಗ ಮಾತು ಕಲಿಯಾಕ ಹತ್ಯಾಳ. ಒಂದೊಂದ ಶಬ್ದ ದಿನಾ. ನಾ ಇಲ್ಲೇ ಇದ್ದೆ ಅಂದ್ರ, ಆಕಿ ಪೂರಾ ಮಾತಾಡೂದ್ರಾಗ ನನಗ ಕೇಳಾಕ ಏನೂ ಉಳಿಯೂದಿಲ್ಲ." ಆಮೇಲೆ, ತಪ್ಪು ಮಾಡಿದವರ ಹಾಗೆ, "ನಿಮ್ಮ ಮಾತು ನಾ ಭಾಳ ವರ್ಷ ಕೇಳೇನ್ರಿ" ಎಂದರು.

ಇರಿ ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಬಸ್ಸು ಬಂತು. ಚೀಲವನ್ನು ನಾನೇ ಹತ್ತಿಸಿದೆ. ಬಲಗಿವಿಯ ಹತ್ತಿರ ಬಾಗಿ, "ಮಗು ಹತ್ತಿರ ಹೋಗಿ" ಎಂದೆ. ಕೇಳಿಸಿತು, ತಲೆದೂಗಿದರು.

ಈಗ ಕೆಲವು ಸಂಜೆ ಫೋನ್ ಕೈಗೆತ್ತಿಕೊಳ್ಳುತ್ತೇನೆ. ಹೇಳಲು ಬೇಕಾದಷ್ಟಿರುತ್ತದೆ. ಅರಬೈಲ್ ತಿರುವಿನಲ್ಲಿ ಮತ್ತೊಂದು ಲಾರಿ ಮಗುಚಿದ್ದು, ಕೆಳಗಿನವರು ಹೊಸ ಯಂತ್ರ ತಂದದ್ದು, ನನಗೆ ಸುಮ್ಮನೆ ಬೇಜಾರಾದದ್ದು. ಅವರು ಫೋನನ್ನೂ ಆ ಬಲಗಿವಿಗೇ ಹಿಡಿಯಬೇಕು. ನಾನು ಲಾರಿಯ ಕತೆ ಹೇಳುವಷ್ಟು ಹೊತ್ತಿನಲ್ಲಿ ಮಗು ಅವರ ಪಕ್ಕ ನಿಂತು ಏನಾದರೂ ಅಂದರೆ? ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಒಲೆ ಹಚ್ಚುತ್ತೇನೆ.